ಹಳೆಯ ನಿಖರ ಕಾಲಮಾಪನ ಉಪಕರಣಗಳಿಗೆ ಬಿಡಿಭಾಗ ಹುಡುಕುವ ಕ್ರಮ

ದೂರಸಂಪರ್ಕ ಸಂಸ್ಥೆಗಳು ಗೋಪುರಗಳ ಬುಡದಲ್ಲಿದ್ದ ಉಪಕರಣಗಳನ್ನು ಬದಲಿಸಿದಾಗ ಮತ್ತು ಪ್ರಯೋಗಾಲಯಗಳು ಹಳೆಯ ಅಳತೆಯ ಸಾಧನಗಳನ್ನು ವಿಲೇವಾರಿ ಮಾಡಿದಾಗ, ರುಬಿಡಿಯಂ ಕಂಪನಾಂಕ ಮಾನಕಗಳು, ಶಾಖಗೂಡಿನೊಳಗಿನ ಸ್ಫಟಿಕ ಆಸಿಲೇಟರ್‌ಗಳು, ಜಿಪಿಎಸ್ ಸಂಕೇತಕ್ಕೆ ಹೊಂದಿಕೊಂಡು ನಡೆಯುವ ಗಡಿಯಾರಗಳು ಹಾಗೂ ಕಾಲಾಂತರ ಅಳೆಯುವ ಕೌಂಟರ್‌ಗಳು ಮೂಲ ಬೆಲೆಯ ಅಲ್ಪಾಂಶಕ್ಕೆ ಮಾರುಕಟ್ಟೆಗೆ ಬರುತ್ತವೆ. ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೂ ಕಾಲೇಜು ಪ್ರಯೋಗಾಲಯಗಳಿಗೂ ಇವು ಬಹಳ ಉಪಯುಕ್ತವಾದ ಸಾಧನಗಳು. ಆದರೆ ಇವುಗಳಲ್ಲಿ ಅನೇಕವು ಕೆಟ್ಟ ಸ್ಥಿತಿಯಲ್ಲೇ ಕೈಗೆ ಸಿಗುತ್ತವೆ, ಕೈಪಿಡಿಯಲ್ಲಿ ಮುದ್ರಿತವಾದ ಬಿಡಿಭಾಗದ ಸಂಖ್ಯೆ ಇಂದು ಯಾವ ಅಂಗಡಿಯಲ್ಲೂ ದೊರೆಯುವುದಿಲ್ಲ, ತಯಾರಕ ಸಂಸ್ಥೆಯೂ ಹಲವು ಬಾರಿ ಕೈಬದಲಾಗಿರುತ್ತದೆ. ಈ ಕಾರಣದಿಂದ ದುರಸ್ತಿಯನ್ನು ಅರ್ಧಕ್ಕೆ ಕೈಬಿಡುವವರೇ ಹೆಚ್ಚು. ವಾಸ್ತವದಲ್ಲಿ ಇಂತಹ ಉಪಕರಣಗಳಲ್ಲಿ ಕೆಡುವ ಭಾಗಗಳ ಪೈಕಿ ಹೆಚ್ಚಿನವು ಇಂದಿಗೂ ಸುಲಭವಾಗಿ ಸಿಗುವಂತಹವು. ಸಿಗದ ಭಾಗಗಳು ಕೆಲವೇ ಕೆಲವು. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಹುಡುಕಾಟದ ಬಹುಭಾಗ ಮುಗಿದಂತೆಯೇ ಸರಿ.

ತಿರುಳು ಮತ್ತು ಪರಿವಾರ

ನಿಖರ ಕಾಲಮಾಪನ ಉಪಕರಣ ಯಾವುದೇ ಇರಲಿ, ಅದರಲ್ಲಿ ಕಂಪನಾಂಕವನ್ನು ನಿರ್ಧರಿಸುವ ಒಂದು ತಿರುಳು ಇರುತ್ತದೆ; ಉಳಿದದ್ದೆಲ್ಲ ಆ ತಿರುಳಿಗೆ ವಿದ್ಯುತ್ತನ್ನು, ಸ್ಥಿರವಾದ ಉಷ್ಣತೆಯನ್ನು, ನಿಯಂತ್ರಣವನ್ನು ಒದಗಿಸುವ ಪರಿವಾರ. ಸೀಸಿಯಂ ಮಾನಕದಲ್ಲಿ ಈ ತಿರುಳು ನಿರ್ವಾತ ನಳಿಕೆ. 1967ರಿಂದ ಸೆಕೆಂಡಿನ ವ್ಯಾಖ್ಯೆಗೆ ಆಧಾರವಾಗಿರುವ 9,19,26,31,770 ಹರ್ಟ್ಸ್‌ನ ಅನುರಣನ ಅದರೊಳಗಿನ ಪರಮಾಣುಗಳಲ್ಲಿ ನಡೆಯುತ್ತದೆ. ರುಬಿಡಿಯಂ ಮಾನಕದಲ್ಲಿ ಸಣ್ಣ ರುಬಿಡಿಯಂ ದೀಪದ ಬೆಳಕು ರುಬಿಡಿಯಂ ಆವಿಯಿರುವ ಗಾಜಿನ ಕೋಶದ ಮೂಲಕ ಹಾದು ಬೆಳಕಿನ ಸಂವೇದಕವನ್ನು ತಲುಪುತ್ತದೆ. ಕೋಶಕ್ಕೆ ಹಾಯಿಸಿದ ಮೈಕ್ರೊತರಂಗದ ಕಂಪನಾಂಕ ಸುಮಾರು 6.8347 ಗಿಗಾಹರ್ಟ್ಸ್‌ಗೆ ಸರಿಯಾಗಿ ಹೊಂದಿದಾಗ ಆ ಬೆಳಕು ಅತ್ಯಲ್ಪ ಪ್ರಮಾಣದಲ್ಲಿ ಕುಗ್ಗುತ್ತದೆ, ಆ ಕುಗ್ಗುವಿಕೆಯನ್ನು ಹಿಡಿದುಕೊಂಡು ಒಳಗಿನ ಸ್ಫಟಿಕ ಆಸಿಲೇಟರನ್ನು ಸರಿದಾರಿಯಲ್ಲಿಡಲಾಗುತ್ತದೆ. ಇದನ್ನೇ ‘ಲಾಕ್’ ಆಗುವುದು ಎನ್ನುತ್ತಾರೆ. ಸ್ಫಟಿಕ ಮಾನಕದಲ್ಲಿ ಶಾಖಗೂಡಿನೊಳಗೆ ಸ್ಥಿರ ಉಷ್ಣತೆಯಲ್ಲಿ ಕಂಪಿಸುವ ಕ್ವಾರ್ಟ್ಸ್ ಬಿಲ್ಲೆಯೇ ತಿರುಳು.

ದುರಸ್ತಿಯ ಮೂಲತತ್ತ್ವ ಈ ರಚನೆಯಿಂದಲೇ ಹೊರಡುತ್ತದೆ. ಪರಿವಾರದ ಭಾಗಗಳನ್ನು ಗುಣ ಹೊಂದುವಂತಿದ್ದರೆ ಧಾರಾಳವಾಗಿ ಬದಲಿಸಬಹುದು, ಆದರೆ ತಿರುಳನ್ನು ಸಾಧ್ಯವಾದಷ್ಟು ಮುಟ್ಟದೆ ಉಳಿಸಿಕೊಳ್ಳಬೇಕು. ಸ್ಫಟಿಕದ ವಿಷಯದಲ್ಲಿ ಇದಕ್ಕೆ ಇನ್ನೂ ಒಂದು ಕಾರಣವಿದೆ. ಹೊಸ ಸ್ಫಟಿಕದ ಮೇಲ್ಮೈಗೆ ಅಂಟಿದ ಸೂಕ್ಷ್ಮ ಕಶ್ಮಲಗಳು ಕ್ರಮೇಣ ಕದಲುವುದರಿಂದಲೂ ಅದನ್ನು ಹಿಡಿದಿರುವ ಆಧಾರಗಳ ಒತ್ತಡ ಸಡಿಲಗೊಳ್ಳುವುದರಿಂದಲೂ ಅದರ ಕಂಪನಾಂಕ ನಿಧಾನವಾಗಿ ಸರಿಯುತ್ತಿರುತ್ತದೆ. ದಶಕಗಳ ಕಾಲ ಬಿಸಿಯಲ್ಲಿಯೇ ನಡೆದ ಸ್ಫಟಿಕದಲ್ಲಿ ಈ ಬದಲಾವಣೆಗಳು ಬಹುತೇಕ ಅಡಗಿರುತ್ತವೆ. ಆದ್ದರಿಂದ ಹಳೆಯ ಸ್ಫಟಿಕವು ಹೊಸದಕ್ಕಿಂತ ಸ್ಥಿರವಾಗಿರುವುದು ಸಾಮಾನ್ಯ, ಮತ್ತು ಆ ಸ್ಥಿರತೆಯನ್ನು ಯಾವ ಅಂಗಡಿಯಿಂದಲೂ ಕೊಂಡು ತರಲಾಗದು.

ಬಿಡಿಭಾಗಗಳ ಮೂರು ವರ್ಗಗಳು

ಮೊದಲನೆಯ ವರ್ಗದಲ್ಲಿ ಇಂದಿಗೂ ತಯಾರಾಗುತ್ತಿರುವ ಸಾಮಾನ್ಯ ಭಾಗಗಳು ಬರುತ್ತವೆ: ಎಲೆಕ್ಟ್ರೊಲಿಟಿಕ್ ಮತ್ತು ಟ್ಯಾಂಟಲಮ್ ಕೆಪಾಸಿಟರ್‌ಗಳು, ರೆಸಿಸ್ಟರ್‌ಗಳು, ಡಯೋಡ್‌ಗಳು, ವೋಲ್ಟೇಜ್ ರೆಗ್ಯುಲೇಟರ್‌ಗಳು, ಫ್ಯಾನ್, ಫ್ಯೂಸ್, ಸಾಮಾನ್ಯ ತರ್ಕ ಐಸಿಗಳು. ಎರಡನೆಯ ವರ್ಗದಲ್ಲಿ ತಯಾರಿಕೆ ನಿಂತಿದ್ದರೂ ದಾಸ್ತಾನಿನಲ್ಲಿ ಅಥವಾ ಬೇರೆ ಉಪಕರಣಗಳಲ್ಲಿ ಉಳಿದಿರುವ ಭಾಗಗಳಿವೆ: ಹಳೆಯ ವೇಗದ ಇಸಿಎಲ್ ಐಸಿಗಳು, ಬ್ಯಾಟರಿಯನ್ನು ಒಡಲಲ್ಲಿಟ್ಟುಕೊಂಡ ಸ್ಮೃತಿ ಐಸಿಗಳು, ವಿಶೇಷ ಕನೆಕ್ಟರ್‌ಗಳು, ಇಡಿಯಾದ ಸ್ಫಟಿಕ ಆಸಿಲೇಟರ್‌ಗಳು. ಮೂರನೆಯ ವರ್ಗಕ್ಕೆ ಆ ಒಂದು ಮಾದರಿಗೆಂದೇ ತಯಾರಾದ ಹೈಬ್ರಿಡ್ ಸರ್ಕ್ಯೂಟ್‌ಗಳು, ಸೀಸಿಯಂ ನಳಿಕೆ, ರುಬಿಡಿಯಂ ದೀಪ ಮತ್ತು ಕೋಶಗಳು ಸೇರುತ್ತವೆ. ಇವಕ್ಕೆ ಅದೇ ಜಾತಿಯ ಮತ್ತೊಂದು ಉಪಕರಣವೇ ಮೂಲ. ಬಿಡಿಭಾಗ ತೆಗೆಯಲೆಂದೇ ಕೊಳ್ಳುವ ಅಂತಹ ಕೆಟ್ಟ ಉಪಕರಣವನ್ನು ಮುಂದೆ ‘ದಾನಿ ಉಪಕರಣ’ ಎಂದು ಕರೆಯಲಾಗಿದೆ.

ಹುಡುಕಾಟದ ಹಂತಗಳು

1. ದೋಷವನ್ನು ಒಂದು ಭಾಗಕ್ಕೆ ಇಳಿಸುವುದು. ಏನು ಕೆಟ್ಟಿದೆ ಎಂಬುದು ತಿಳಿಯದೆ ಭಾಗವನ್ನು ಹುಡುಕಲು ಹೊರಡಬಾರದು. ಮೊದಲು ವಿದ್ಯುತ್ ಪೂರೈಕೆಯ ಪ್ರತಿಯೊಂದು ವೋಲ್ಟೇಜನ್ನೂ ಅಳೆಯಬೇಕು, ಏಕೆಂದರೆ ದಶಕಗಳ ಕಾಲ ಬಿಸಿಯಲ್ಲಿದ್ದ ಉಪಕರಣದಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಅಲ್ಲಿಯೇ. ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿ ಸಾಮರ್ಥ್ಯ ಕಳೆದುಕೊಳ್ಳುತ್ತದೆ. ಟ್ಯಾಂಟಲಮ್ ಕೆಪಾಸಿಟರ್ ಇದಕ್ಕೆ ವಿರುದ್ಧವಾಗಿ ಒಮ್ಮೆಲೇ ಶಾರ್ಟ್ ಆಗಿ ಇಡೀ ಪೂರೈಕೆಯನ್ನು ಕೆಳಗೆಳೆಯುತ್ತದೆ. ಒಂದೇ ತಂತಿಗೆ ಹತ್ತಾರು ಟ್ಯಾಂಟಲಮ್‌ಗಳು ಜೋಡಿಸಲ್ಪಟ್ಟಿದ್ದಾಗ ಶಾರ್ಟ್ ಆದದ್ದನ್ನು ಗುರುತಿಸಲು, ಉಪಕರಣವನ್ನು ಮುಖ್ಯ ವಿದ್ಯುತ್ತಿನಿಂದ ಬೇರ್ಪಡಿಸಿ, ಪ್ರವಾಹಕ್ಕೆ ಮಿತಿ ಹಾಕಬಲ್ಲ ಬೆಂಚ್ ಪವರ್ ಸಪ್ಲೈಯಿಂದ ಆ ತಂತಿಗೆ ಒಂದು ವೋಲ್ಟ್‌ಗಿಂತ ಕಡಿಮೆ ವೋಲ್ಟೇಜಿನಲ್ಲಿ ಸ್ವಲ್ಪ ಪ್ರವಾಹ ಹಾಯಿಸಿ, ತಾಮ್ರದ ಪಟ್ಟಿಯುದ್ದಕ್ಕೂ ಮಿಲಿವೋಲ್ಟ್‌ಗಳನ್ನು ಅಳೆಯುತ್ತಾ ಹೋಗಬೇಕು. ವೋಲ್ಟೇಜ್ ಅತಿ ಕಡಿಮೆ ಇರುವ ಬಿಂದುವಿನ ಬಳಿಯೇ ದೋಷದ ಭಾಗ ಕುಳಿತಿರುತ್ತದೆ.

2. ಸಂಸ್ಥೆಯ ವಂಶಾವಳಿಯನ್ನು ತಿಳಿಯುವುದು. ಕೈಪಿಡಿಯೂ ತಾಂತ್ರಿಕ ಟಿಪ್ಪಣಿಗಳೂ ಮೂಲ ಹೆಸರಿನಲ್ಲಿ ಸಿಗದಿದ್ದಾಗ ಉತ್ತರಾಧಿಕಾರಿಯ ಹೆಸರಿನಲ್ಲಿ ಸಿಗುತ್ತವೆ. ಹ್ಯೂಲೆಟ್-ಪ್ಯಾಕರ್ಡ್ (ಎಚ್‌ಪಿ) ಸಂಸ್ಥೆಯ ಅಳತೆ ಸಾಧನಗಳ ವಿಭಾಗವು 1999ರಲ್ಲಿ ಅಜಿಲೆಂಟ್ ಆಗಿ, 2014ರಲ್ಲಿ ಕೀಸೈಟ್ ಆಯಿತು. ಆದರೆ ಅದರ ಪರಮಾಣು ಗಡಿಯಾರಗಳ ಶಾಖೆ ಕೀಸೈಟ್ ಹುಟ್ಟುವ ಮೊದಲೇ ಸಿಮೆಟ್ರಿಕಾಮ್‌ಗೆ ಹೋಗಿತ್ತು. ಎಫ್ರಟಾಮ್ ಎಂಬ ಹೆಸರಿನ ರುಬಿಡಿಯಂ ಮಾನಕಗಳು ಡೇಟಮ್ ಸಂಸ್ಥೆಯ ಮೂಲಕ ಅದೇ ಸಿಮೆಟ್ರಿಕಾಮ್ ಸೇರಿದವು. ಸಿಮೆಟ್ರಿಕಾಮ್ 2013ರಲ್ಲಿ ಮೈಕ್ರೊಸೆಮಿಗೂ, ಮೈಕ್ರೊಸೆಮಿ 2018ರಲ್ಲಿ ಮೈಕ್ರೊಚಿಪ್‌ಗೂ ಸೇರಿತು. ಹೀಗಾಗಿ ಒಂದೇ ಮಾದರಿಯ ದಾಖಲೆಗಳನ್ನು ನಾಲ್ಕೈದು ಹೆಸರುಗಳ ಅಡಿಯಲ್ಲಿ ಹುಡುಕಬೇಕಾಗುತ್ತದೆ.

3. ಸರಣಿ ಸಂಖ್ಯೆಗೆ ಹೊಂದುವ ಕೈಪಿಡಿಯನ್ನು ಆರಿಸುವುದು. ಎಚ್‌ಪಿ ಉಪಕರಣಗಳ ಹಳೆಯ ಸರಣಿ ಸಂಖ್ಯೆಯು ನಾಲ್ಕು ಅಂಕೆ ಮತ್ತು ಒಂದು ಅಕ್ಷರದಿಂದ ಆರಂಭವಾಗುತ್ತದೆ. ಮೊದಲೆರಡು ಅಂಕೆಗಳಿಗೆ 1960ನ್ನು ಕೂಡಿಸಿದರೆ ವರ್ಷವೂ, ಮುಂದಿನೆರಡರಿಂದ ವಾರವೂ ತಿಳಿಯುತ್ತದೆ; 2240ಎ ಎಂದಿದ್ದರೆ 1982ರ 40ನೆಯ ವಾರ, ಅಮೆರಿಕದ ತಯಾರಿಕೆ. ಇದು ವಿನ್ಯಾಸದಲ್ಲಿ ಗಮನಾರ್ಹ ಬದಲಾವಣೆಯಾದ ಕಾಲವನ್ನು ಸೂಚಿಸುತ್ತದೆಯೇ ಹೊರತು ಆ ಒಂದು ಉಪಕರಣ ಹೊರಬಿದ್ದ ದಿನವನ್ನಲ್ಲ. ಕೈಪಿಡಿಯ ಕೊನೆಯಲ್ಲಿರುವ ಬದಲಾವಣೆಗಳ ಪಟ್ಟಿಯನ್ನು ಈ ಸಂಖ್ಯೆಯೊಡನೆ ಹೋಲಿಸದೆ ಭಾಗ ತರಿಸಿದರೆ, ಸರಿಯಾದ ಮಾದರಿಗೆ ತಪ್ಪಾದ ಭಾಗ ಬರುವ ಸಾಧ್ಯತೆ ಇರುತ್ತದೆ.

4. ಸಂಸ್ಥೆಯ ಸಂಖ್ಯೆಯನ್ನು ಸಾರ್ವತ್ರಿಕ ಸಂಖ್ಯೆಗೆ ಪರಿವರ್ತಿಸುವುದು. ಎಚ್‌ಪಿ ತಾನು ಕೊಂಡ ಸಾಮಾನ್ಯ ಭಾಗಗಳಿಗೂ ತನ್ನದೇ ಸಂಖ್ಯೆ ನೀಡುತ್ತಿತ್ತು. ಐಸಿಯ ಮೈಮೇಲೆ 1820-1197 ಎಂದು ಬರೆದಿದ್ದರೆ ಅದು ಅಪರೂಪದ ವಸ್ತುವೆಂದು ತೋರುತ್ತದೆ. ವಾಸ್ತವದಲ್ಲಿ ಅದು 74ಎಲ್‌ಎಸ್00 ಎಂಬ, ಇಂದಿಗೂ ಕೆಲವೇ ರೂಪಾಯಿಗಳಿಗೆ ಸಿಗುವ ತರ್ಕ ಐಸಿ. ಸಂಖ್ಯೆಯ ಮೊದಲ ಭಾಗವೇ ವರ್ಗವನ್ನು ಹೇಳುತ್ತದೆ: 1820 ಡಿಜಿಟಲ್ ಐಸಿ, 1826 ಅನಲಾಗ್ ಐಸಿ, 1853 ಪಿಎನ್‌ಪಿ ಟ್ರಾನ್ಸಿಸ್ಟರ್, 1854 ಎನ್‌ಪಿಎನ್ ಟ್ರಾನ್ಸಿಸ್ಟರ್, 0180 ಎಲೆಕ್ಟ್ರೊಲಿಟಿಕ್ ಅಥವಾ ಟ್ಯಾಂಟಲಮ್ ಕೆಪಾಸಿಟರ್. ಕೈಪಿಡಿಯ ಬಿಡಿಭಾಗಗಳ ಅಧ್ಯಾಯದಲ್ಲಿ ಇದರ ಪಕ್ಕದ ಕಾಲಂಗಳಲ್ಲಿ ಮೂಲ ತಯಾರಕರ ಸಂಕೇತವೂ ಅವರ ಸಂಖ್ಯೆಯೂ ಇರುತ್ತವೆ. ಹುಡುಕಬೇಕಾದದ್ದು ಆ ಸಂಖ್ಯೆಯನ್ನೇ. ಆ ಕಾಲಂನಲ್ಲೂ ಎಚ್‌ಪಿ ಸಂಖ್ಯೆಯೇ ಮರುಕಳಿಸಿದ್ದರೆ ಅದು ಸಂಸ್ಥೆಯು ವಿಶೇಷವಾಗಿ ಆಯ್ದ ಅಥವಾ ಸ್ವತಃ ತಯಾರಿಸಿದ ಭಾಗವಿರಬಹುದೆಂದು ತಿಳಿದು ಎಚ್ಚರ ವಹಿಸಬೇಕು.

5. ಗುಣಕ್ಕೆ ಗುಣ ಹೊಂದಿಸುವುದು. ಅದೇ ಸಂಖ್ಯೆಯ ಭಾಗ ಸಿಗದಿದ್ದಾಗ, ಆ ಸ್ಥಾನದಲ್ಲಿ ಭಾಗವು ಮಾಡುವ ಕೆಲಸವನ್ನು ಅರಿತು ಬದಲಿಯನ್ನು ಆರಿಸಬೇಕು. ವಿದ್ಯುತ್ ಪೂರೈಕೆಯ ಕೆಪಾಸಿಟರ್ ಆದರೆ ಅದೇ ಸಾಮರ್ಥ್ಯ, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್, 105 ಡಿಗ್ರಿ ಸೆಲ್ಸಿಯಸ್ ಉಷ್ಣತಾ ಮಿತಿ, ಕಾಲುಗಳ ಅಂತರ ಮತ್ತು ಎತ್ತರ ಇವಿಷ್ಟು ಹೊಂದಿದರೆ ಬಹುತೇಕ ಸಾಕು. ಟ್ಯಾಂಟಲಮ್‌ಗೆ ಬದಲಿಯಾಗಿ ಟ್ಯಾಂಟಲಮ್ಮನ್ನೇ ಹಾಕುವುದಾದರೆ, ಅದು ಹೊರುವ ವೋಲ್ಟೇಜಿನ ಇಮ್ಮಡಿ ಸಾಮರ್ಥ್ಯದ್ದನ್ನು ಆರಿಸುವುದು ಕ್ಷೇಮ. ಆದರೆ ಕಂಪನಾಂಕವನ್ನೇ ನಿರ್ಧರಿಸುವ ಮಂಡಲದಲ್ಲಿ, ಅಂದರೆ ಆಸಿಲೇಟರ್, ಶಾಖಗೂಡಿನ ಉಷ್ಣತಾ ನಿಯಂತ್ರಣ ಮತ್ತು ಕಂಪನಾಂಕ ಹೊಂದಿಸುವ ವೋಲ್ಟೇಜಿನ ಮಾರ್ಗಗಳಲ್ಲಿ, ಉಷ್ಣತೆಯೊಂದಿಗೆ ಬೆಲೆ ಬದಲಾಗುವ ಪ್ರಮಾಣವೂ ಹೊಂದಬೇಕಾಗುತ್ತದೆ. ಅಲ್ಲಿ ಸಾಮಾನ್ಯ ಬದಲಿ ಸಲ್ಲದು.

6. ಸೋದರ ಮಾದರಿಗಳನ್ನು ಪಟ್ಟಿ ಮಾಡುವುದು. ತಯಾರಕರು ಒಂದೇ ಉಪಾಂಗವನ್ನು ಹಲವು ಉಪಕರಣಗಳಲ್ಲಿ ಬಳಸುತ್ತಿದ್ದುದು ಹುಡುಕುವವರಿಗೆ ದೊಡ್ಡ ಅನುಕೂಲ. ಎಚ್‌ಪಿ 5061ಎ ಸೀಸಿಯಂ ಮಾನಕ ಮತ್ತು 5065ಎ ರುಬಿಡಿಯಂ ಮಾನಕಗಳೊಳಗಿನ 5 ಮೆಗಾಹರ್ಟ್ಸ್ ಆಸಿಲೇಟರ್ 105ಬಿ ಸ್ಫಟಿಕ ಮಾನಕದಲ್ಲೂ ಇದ್ದದ್ದರಿಂದ, ಅಗ್ಗವಾದ 105ಬಿ ಒಂದು ದುಬಾರಿ ಮಾನಕವನ್ನು ಬದುಕಿಸಬಲ್ಲದು. 10811 ಸರಣಿಯ 10 ಮೆಗಾಹರ್ಟ್ಸ್ ಆಸಿಲೇಟರ್ 5370ಬಿ ಕಾಲಾಂತರ ಕೌಂಟರಿನಲ್ಲೂ ಇತರ ಹಲವು ಸಾಧನಗಳಲ್ಲೂ ಇದೆ. ಆದ್ದರಿಂದ ಉಪಕರಣದ ಹೆಸರಿನಿಂದಷ್ಟೇ ಹುಡುಕದೆ, ಬೋರ್ಡಿನ ಮೇಲೆ ಮುದ್ರಿತವಾದ ಜೋಡಣೆಯ ಸಂಖ್ಯೆಯಿಂದಲೂ, ಅಡ್ಡಗೆರೆ ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ, ಹುಡುಕಬೇಕು.

7. ದಾನಿ ಉಪಕರಣವನ್ನು ವಿವೇಚಿಸಿ ಕೊಳ್ಳುವುದು. ಬಿಡಿ ಬೋರ್ಡಿಗಿಂತ ಕೆಟ್ಟ ಇಡೀ ಉಪಕರಣ ಅಗ್ಗವಾಗಿ ಸಿಗುವುದುಂಟು. ಆದರೆ ಒಂದೇ ಕಾಲದ ಎರಡು ಉಪಕರಣಗಳು ಒಂದೇ ಕಡೆ ಕೆಡುವ ಸಂಭವ ಹೆಚ್ಚು; ಹೀಗಾಗಿ ಬೇಕಾದ ಭಾಗಕ್ಕೆ ಸಂಬಂಧವಿಲ್ಲದ, ಸ್ಪಷ್ಟವಾಗಿ ತಿಳಿದ ದೋಷವಿರುವ ದಾನಿಯನ್ನು ಆರಿಸಬೇಕು. ನಳಿಕೆಯ ಸೀಸಿಯಂ ಮುಗಿದ 5061ಎ ಸೀಸಿಯಂ ಮಾನಕವಾಗಿ ಉಪಯೋಗಕ್ಕೆ ಬಾರದಿದ್ದರೂ, ಅದರ ಉಳಿದ ಬೋರ್ಡುಗಳಿಗಾಗಿ ಕೊಳ್ಳಲು ಯೋಗ್ಯವಾದ ದಾನಿ.

8. ಖರೀದಿಯ ಸ್ಥಳವನ್ನು ವರ್ಗಕ್ಕೆ ತಕ್ಕಂತೆ ಆರಿಸುವುದು. ಮೊದಲನೆಯ ವರ್ಗದ ಭಾಗಗಳಿಗೆ ಬೆಂಗಳೂರಿನ ಎಸ್‌ಪಿ ರಸ್ತೆ, ಚೆನ್ನೈನ ರಿಚ್ಚಿ ಸ್ಟ್ರೀಟ್, ಮುಂಬೈನ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳು ಅನುಕೂಲ. ಆದರೆ ಕೆಪಾಸಿಟರ್‌ಗಳನ್ನು ಮಾತ್ರ ತಯಾರಕರ ಅಧಿಕೃತ ವಿತರಕರಿಂದಲೇ ಕೊಳ್ಳುವುದು ಒಳಿತು, ಏಕೆಂದರೆ ಹಳೆಯ ದಾಸ್ತಾನೂ ನಕಲಿ ಹೆಸರಿನ ಸರಕೂ ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಎರಡನೆಯ ಮತ್ತು ಮೂರನೆಯ ವರ್ಗದ ಭಾಗಗಳು ಬಹುಮಟ್ಟಿಗೆ ವಿದೇಶದಿಂದಲೇ ಬರಬೇಕಾಗುತ್ತವೆ. ಬಳಸಿದ ವಿದ್ಯುನ್ಮಾನ ಸಾಧನಗಳ ಆಮದಿಗೆ ಭಾರತದಲ್ಲಿ ನಿರ್ಬಂಧಗಳಿರುವ ಕಾರಣ, ಇಡೀ ಉಪಕರಣ ತರಿಸುವ ಮೊದಲು ಸುಂಕ ಮತ್ತು ಪರವಾನಗಿಯ ನಿಯಮಗಳನ್ನು ವಿಚಾರಿಸಿಕೊಳ್ಳಬೇಕು.

ವಿಶೇಷ ಗಮನ ಬೇಡುವ ನಾಲ್ಕು ಭಾಗಗಳು

ಉಷ್ಣ ಫ್ಯೂಸ್: 10811 ಆಸಿಲೇಟರಿನ ಶಾಖಗೂಡು ಬಿಸಿಯೇರದಿದ್ದರೆ ಒಳಗಿನ ಉಷ್ಣ ಫ್ಯೂಸ್ ತೆರೆದುಕೊಂಡಿರುವುದು ಪರಿಚಿತ ದೋಷ. ಗೂಡು ಮಿತಿಮೀರಿ ಕಾದಾಗ ಸಂಪರ್ಕ ಕಡಿಯುವ ಈ ಸಣ್ಣ ಭಾಗ ಕಾಲಕ್ರಮದಲ್ಲಿ ತಾನಾಗಿಯೂ ಸೋಲುತ್ತದೆ. ಅದೇ ಉಷ್ಣತೆಯ ಹೊಸ ಫ್ಯೂಸನ್ನು ಬೆಸೆಯುವಾಗ ಅದರ ಕಾಲನ್ನು ಚಿಮಟದಿಂದ ಹಿಡಿದು ಶಾಖ ಒಳಗೆ ಹರಿಯದಂತೆ ತಡೆಯಬೇಕು. ಇಲ್ಲವಾದರೆ ಬೆಸುಗೆಯ ಶಾಖಕ್ಕೇ ಅದು ತೆರೆದುಕೊಳ್ಳುತ್ತದೆ. ಫ್ಯೂಸ್ ಬದಲಿಸದೆ ತಂತಿಯಿಂದ ಜೋಡಿಸಿಬಿಡುವುದು ಸ್ಫಟಿಕವನ್ನೇ ಅಪಾಯಕ್ಕೊಡ್ಡಿದಂತೆ.

ರುಬಿಡಿಯಂ ದೀಪ: ದೀಪದೊಳಗಿನ ರುಬಿಡಿಯಂ ಕ್ರಮೇಣ ಗಾಜಿನೊಳಗೆ ಹೀರಲ್ಪಟ್ಟು ಬೆಳಕು ಕುಂದುತ್ತದೆ. ಎಲ್‌ಪಿಆರ್‌ಓ-101 ಮಾದರಿಯಲ್ಲಿ ದೀಪದ ಬೆಳಕಿಗೆ ಅನುಗುಣವಾದ ವೋಲ್ಟೇಜ್ ಕನೆಕ್ಟರಿನಲ್ಲೇ ದೊರೆಯುತ್ತದೆ. ಅದು 3 ವೋಲ್ಟ್‌ಗಿಂತ ಕೆಳಗಿದ್ದರೆ ದೀಪವು ಬಳಕೆಯ ಮಿತಿಯನ್ನು ದಾಟಿದೆ ಎಂದರ್ಥ. ಕೊಳ್ಳುವ ಮೊದಲು ಮಾರುವವರಿಂದ ಈ ಒಂದು ಅಳತೆಯನ್ನು ಕೇಳಿ ಪಡೆಯುವುದು ಹತ್ತು ಛಾಯಾಚಿತ್ರಗಳಿಗಿಂತ ಉಪಯುಕ್ತ.

ಬ್ಯಾಟರಿಯುಳ್ಳ ಸ್ಮೃತಿ ಐಸಿ: ಡಲ್ಲಾಸ್ ಸೆಮಿಕಂಡಕ್ಟರ್ ಸಂಸ್ಥೆಯ ದಪ್ಪ ಕಪ್ಪು ಐಸಿಗಳ ಒಳಗೆ ಲಿಥಿಯಂ ಕೋಶವಿದ್ದು, ಅದು ಸುಮಾರು ಹತ್ತು ವರ್ಷಗಳ ಬಾಳಿಕೆಗೆಂದು ರೂಪಿತವಾದದ್ದು. ಇದರಲ್ಲಿ ಉಪಕರಣದ ಹೊಂದಾಣಿಕೆಯ ಸ್ಥಿರಾಂಕಗಳು ಇರಬಹುದಾದ್ದರಿಂದ, ಕೋಶ ಪೂರ್ಣ ಬರಿದಾಗುವ ಮೊದಲೇ ಪ್ರೋಗ್ರಾಮರ್ ಸಾಧನದಿಂದ ಅದರ ವಿಷಯವನ್ನು ಓದಿ ಉಳಿಸಿಕೊಳ್ಳಬೇಕು. ಕಿಟಕಿಯುಳ್ಳ ಇಪ್ರಾಮ್‌ಗಳಲ್ಲೂ ದಶಕಗಳ ನಂತರ ವಿದ್ಯುದಂಶ ಸೋರುವುದರಿಂದ ಅವುಗಳ ಪ್ರತಿಯನ್ನೂ ಅದೇ ಸಂದರ್ಭದಲ್ಲಿ ತೆಗೆದಿಡಬೇಕು ಮತ್ತು ಕಿಟಕಿಯ ಮೇಲಿನ ಮುಚ್ಚುಚೀಟಿಯನ್ನು ಕೀಳಬಾರದು.

ಹಳೆಯ ಐಸಿಗಳು: ತಯಾರಿಕೆ ನಿಂತ ಐಸಿಗಳಲ್ಲಿ ಮೇಲ್ಮೈ ಉಜ್ಜಿ ಹೊಸ ಹೆಸರು ಮುದ್ರಿಸಿದ ನಕಲಿಗಳು ಬರುತ್ತವೆ. ಅಸಿಟೋನ್ ತೊಯ್ದ ಹತ್ತಿಯಿಂದ ಒರೆಸಿದಾಗ ಕಪ್ಪು ಬಣ್ಣ ಬಿಟ್ಟರೆ, ಅಚ್ಚಿನ ಗುಂಡಿಯ ಗುರುತು ಅರ್ಧ ಮುಚ್ಚಿಹೋಗಿದ್ದರೆ, ಒಂದೇ ಕಟ್ಟಿನ ಐಸಿಗಳ ಹಿಂಭಾಗದ ಗುರುತುಗಳು ಬೇರೆಬೇರೆಯಾಗಿದ್ದರೆ ಅವನ್ನು ಬಳಸಬಾರದು.

ಎಚ್ಚರಿಕೆಗಳು

ಸೀಸಿಯಂ ಮಾನಕದೊಳಗೆ ಸಾವಿರಾರು ವೋಲ್ಟ್‌ಗಳ ಪೂರೈಕೆ ಇರುತ್ತದೆ. ಇಂತಹ ವೋಲ್ಟೇಜಿನೊಡನೆ ಕೆಲಸ ಮಾಡಿದ ಅನುಭವವಿಲ್ಲದವರು ಮುಚ್ಚಳ ತೆಗೆದು ಚಾಲನೆ ಮಾಡಬಾರದು. ಇಲ್ಲಿ ಬಳಸುವ ಸೀಸಿಯಂ-133 ವಿಕಿರಣಶೀಲವಲ್ಲ, ಆದರೆ ಲೋಹವು ನೀರಿನೊಂದಿಗೆ ಉಗ್ರವಾಗಿ ವರ್ತಿಸುವುದರಿಂದ ನಳಿಕೆಯನ್ನು ಒಡೆಯಬಾರದು ಮತ್ತು ಸಾಗಾಟದ ನಿಯಮಗಳನ್ನು ಪಾಲಿಸಬೇಕು. ಮುಖ್ಯ ವಿದ್ಯುತ್ತಿನ ಪ್ರವೇಶದಲ್ಲಿರುವ ಹಳೆಯ ಲೋಹಲೇಪಿತ ಕಾಗದದ ಕೆಪಾಸಿಟರ್‌ಗಳ ಪಾರದರ್ಶಕ ಹೊದಿಕೆ ಬಿರುಕು ಬಿಟ್ಟಿದ್ದರೆ, ಉಪಕರಣಕ್ಕೆ ಮೊದಲ ಬಾರಿ ವಿದ್ಯುತ್ ಕೊಡುವ ಮುನ್ನವೇ ಅವನ್ನು ಬದಲಿಸಬೇಕು. ಅವು ದಟ್ಟ ಹೊಗೆಯೊಡನೆ ಸುಡುವುದು ಸಾಮಾನ್ಯ. ಅಲ್ಲಿಗೆ ಮುಖ್ಯ ವಿದ್ಯುತ್ತಿಗೆಂದೇ ಸುರಕ್ಷತಾ ಪ್ರಮಾಣಿತವಾದ ಕೆಪಾಸಿಟರ್‌ಗಳನ್ನೇ ಹಾಕಬೇಕು.

ರುಬಿಡಿಯಂ ಘಟಕಗಳ ತಳಭಾಗವನ್ನು ಶಾಖ ಸೆಳೆಯುವ ದಪ್ಪ ಲೋಹದ ಫಲಕಕ್ಕೆ ಬಿಗಿಯದೆ ಹೆಚ್ಚು ಹೊತ್ತು ನಡೆಸಬಾರದು. ಎಫ್‌ಇ-5680ಎ ಎಂಬ ಒಂದೇ ಹೆಸರಿನಲ್ಲಿ ಬೇರೆಬೇರೆ ಗ್ರಾಹಕರಿಗೆಂದು ತಯಾರಾದ ಹಲವು ಬಗೆಗಳಿದ್ದು, ಅವುಗಳ ಕನೆಕ್ಟರ್ ಪಿನ್‌ಗಳ ಹಂಚಿಕೆ ಒಂದೇ ಅಲ್ಲ. ಕೈಯಲ್ಲಿರುವ ಬಗೆಯನ್ನು ಖಚಿತಪಡಿಸಿಕೊಳ್ಳದೆ ವಿದ್ಯುತ್ ಕೊಟ್ಟರೆ ಒಳ್ಳೆಯ ಘಟಕವೇ ಸುಟ್ಟುಹೋಗುತ್ತದೆ. ದೂರಸಂಪರ್ಕದ ಘಟಕಗಳಲ್ಲಿ 48 ವೋಲ್ಟ್ ಮತ್ತು 24 ವೋಲ್ಟ್ ಪೂರೈಕೆಯ ಎರಡೂ ಬಗೆಗಳಿರುವುದನ್ನು ಮರೆಯಬಾರದು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ತಪ್ಪು ದಿನಾಂಕವನ್ನು ಯಂತ್ರದೋಷವೆಂದು ಭಾವಿಸುವುದು. ಜಿಪಿಎಸ್ ಸಂಕೇತವು ವಾರಗಳನ್ನು 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಮರಳುತ್ತದೆ. ಇದನ್ನು ಸರಿದೂಗಿಸಿಕೊಳ್ಳಲು ಗ್ರಾಹಕ ಯಂತ್ರದ ತಂತ್ರಾಂಶಕ್ಕಿರುವ ಅವಧಿ ಮುಗಿದಾಗ ದಿನಾಂಕ ಸುಮಾರು 19.6 ವರ್ಷ ಹಿಂದೆ ಸರಿಯುತ್ತದೆ. ಟ್ರಿಂಬಲ್ ಥಂಡರ್‌ಬೋಲ್ಟ್ ಎಂಬ ಜಿಪಿಎಸ್ ಗಡಿಯಾರದಲ್ಲಿ ಇದು 2017ರ ಜುಲೈ ಕೊನೆಯಲ್ಲಿ ಸಂಭವಿಸಿತು. ಅದರ 10 ಮೆಗಾಹರ್ಟ್ಸ್ ಸಂಕೇತವೂ ಸೆಕೆಂಡಿಗೊಂದು ಬರುವ ಮಿಡಿತವೂ ಇದರಿಂದ ಕೆಡುವುದಿಲ್ಲ. ದಿನಾಂಕವನ್ನು ಕಂಪ್ಯೂಟರಿನ ತಂತ್ರಾಂಶದಲ್ಲಿ ಸರಿಪಡಿಸಿಕೊಳ್ಳಬಹುದಾದ್ದರಿಂದ ಹೊಸ ಬೋರ್ಡು ಕೊಳ್ಳುವ ಅಗತ್ಯವಿಲ್ಲ.

2. ಎಲ್ಲ ಕೆಪಾಸಿಟರ್‌ಗಳನ್ನೂ ಒಮ್ಮೆಲೇ ಬದಲಿಸುವುದು. ಹೀಗೆ ಮಾಡಿದಾಗ ಹೊಸ ದೋಷ ಹುಟ್ಟಿಕೊಂಡರೆ ಅದರ ಮೂಲ ಸಿಗುವುದಿಲ್ಲ, ಮತ್ತು ಹಳೆಯ ಬೋರ್ಡುಗಳ ತಾಮ್ರದ ಪಟ್ಟಿಗಳು ಪದೇಪದೇ ಬಿಸಿಯಾಗಿ ಎದ್ದುಬರುತ್ತವೆ. ಒಂದು ಭಾಗ ಬದಲಿಸಿ, ಅಳೆದು, ಬರೆದುಕೊಂಡು ಮುಂದುವರಿಯುವುದೇ ಸರಿಯಾದ ಕ್ರಮ.

3. ಮೊದಲ ದಿನವೇ ತೀರ್ಪು ನೀಡುವುದು. ದೀರ್ಘಕಾಲ ತಣ್ಣಗಿದ್ದ ಸ್ಫಟಿಕ ಮತ್ತೆ ತನ್ನ ಹಳೆಯ ನಡೆಗೆ ಮರಳಲು ದಿನಗಳು, ಕೆಲವೊಮ್ಮೆ ವಾರಗಳು ಬೇಕಾಗುತ್ತವೆ. ಅಷ್ಟರೊಳಗೆ ಕಂಪನಾಂಕ ಸರಿಯುತ್ತಿದೆಯೆಂದು ಆಸಿಲೇಟರನ್ನು ಬದಲಿಸಿದರೆ ಒಳ್ಳೆಯ ತಿರುಳನ್ನು ಎಸೆದಂತಾಗುತ್ತದೆ.

4. ಹೊಂದಾಣಿಕೆಯ ತಿರುಪುಗಳನ್ನು ಮೊದಲೇ ತಿರುಗಿಸುವುದು. ದೋಷವಿರುವಾಗ ತಿರುಗಿಸಿದ ತಿರುಪು ದೋಷ ನಿವಾರಣೆಯಾದ ಮೇಲೆ ತಪ್ಪು ಸ್ಥಾನದಲ್ಲಿ ಉಳಿಯುತ್ತದೆ. ತಿರುಗಿಸಲೇಬೇಕಾದರೆ ಮೂಲ ಸ್ಥಾನವನ್ನು ಗುರುತು ಹಾಕಿ, ಸುತ್ತುಗಳನ್ನು ಎಣಿಸಿ ಬರೆದಿಡಬೇಕು.

ಪರೀಕ್ಷೆ ಮತ್ತು ದಾಖಲೆ

ಬದಲಿಸಿದ ಭಾಗ ಕೆಲಸ ಮಾಡುತ್ತಿದೆ ಎಂಬುದಕ್ಕೂ ಉಪಕರಣ ತನ್ನ ನಿಖರತೆಗೆ ಮರಳಿದೆ ಎಂಬುದಕ್ಕೂ ಅಂತರವಿದೆ. ದುರಸ್ತಿಯಾದ ಆಸಿಲೇಟರಿನ ಸಂಕೇತವನ್ನು ಜಿಪಿಎಸ್ ಗಡಿಯಾರದ ಸೆಕೆಂಡಿನ ಮಿಡಿತದೊಂದಿಗೆ ಕಾಲಾಂತರ ಕೌಂಟರಿನಲ್ಲಿ ಹಲವು ದಿನ ಹೋಲಿಸಿ ನೋಡಬೇಕು. 10811ಎ ಆಸಿಲೇಟರಿಗೆ ತಯಾರಕರು ಕೊಟ್ಟ ಮಿತಿ, 24 ಗಂಟೆ ಬಿಸಿಯಾದ ನಂತರ ದಿನಕ್ಕೆ ಸಾವಿರ ಕೋಟಿಯಲ್ಲಿ 5 ಭಾಗಕ್ಕಿಂತ ಕಡಿಮೆ ಸರಿತ; ಅಂದರೆ 10 ಮೆಗಾಹರ್ಟ್ಸ್‌ನಲ್ಲಿ 0.005 ಹರ್ಟ್ಸ್. ಆರೋಗ್ಯವಂತ ಹಳೆಯ ಘಟಕಗಳು ಈ ಮಿತಿಗಿಂತ ಉತ್ತಮವಾಗಿ ನಡೆಯುವುದು ಸಾಮಾನ್ಯ. ಮಿತಿಯನ್ನು ಮೀರಿದರೆ, ತಿರುಳನ್ನು ಶಂಕಿಸುವ ಮುನ್ನ ಗೂಡಿನ ಪ್ರವಾಹ, ಪೂರೈಕೆಯ ವೋಲ್ಟೇಜ್ ಮತ್ತು ಕೋಣೆಯ ಉಷ್ಣತೆಗಳ ಏರಿಳಿತವನ್ನು ಅದೇ ಅವಧಿಯಲ್ಲಿ ದಾಖಲಿಸಿ ಹೋಲಿಸಬೇಕು.

ಕೊನೆಯದಾಗಿ, ಬದಲಿಸಿದ ಪ್ರತಿಯೊಂದು ಭಾಗದ ಮೂಲ ಸಂಖ್ಯೆ, ಅದಕ್ಕೆ ಸಲ್ಲುವ ಸಾರ್ವತ್ರಿಕ ಸಂಖ್ಯೆ, ಬದಲಿಯ ತಯಾರಕರು, ದಿನಾಂಕ ಮತ್ತು ಬದಲಿಸುವ ಮುಂಚಿನ ಹಾಗೂ ನಂತರದ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು ಉಪಕರಣದ ಮುಚ್ಚಳದ ಒಳಗೇ ಇಡಬೇಕು. ಸ್ಮೃತಿ ಐಸಿಗಳ ಪ್ರತಿಗಳನ್ನು ಎರಡು ಕಡೆ ಉಳಿಸಬೇಕು. ಈ ಮಾನಕಗಳನ್ನು ವಿನ್ಯಾಸಗೊಳಿಸಿದ ತಲೆಮಾರು ನಿವೃತ್ತಿ ಹೊಂದಿದೆ, ತಯಾರಕರ ನೆರವು ನಿಂತಿದೆ. ಹೀಗಿರುವಾಗ ಒಬ್ಬರು ಶ್ರಮಪಟ್ಟು ಕಂಡುಕೊಂಡ ಒಂದು ಸರಿಯಾದ ಬದಲಿ ಸಂಖ್ಯೆ ಅದೇ ಮಾದರಿಯನ್ನು ಕೈಗೆತ್ತಿಕೊಳ್ಳುವ ಮುಂದಿನವರ ವಾರಗಳ ಹುಡುಕಾಟವನ್ನು ಉಳಿಸುತ್ತದೆ; ಆದ್ದರಿಂದ ಆ ಹಾಳೆಯ ಒಂದು ಪ್ರತಿಯನ್ನು ಇತರ ದುರಸ್ತಿಗಾರರಿಗೂ ತಲುಪಿಸುವುದನ್ನು ದುರಸ್ತಿಯ ಕೊನೆಯ ಹಂತವೆಂದೇ ಪರಿಗಣಿಸಬೇಕು.